ಕ್ರಿಪ್ಟೊ ಎಕ್ಸ್‌ಚೇಂಜ್ ಅಧಿಕೃತವೇ? ಹಣ ಹಾಕುವ ಮೊದಲು ಪರೀಕ್ಷಿಸುವ ಕ್ರಮ

“ಇದು ಭಾರತ ಸರ್ಕಾರದ ಲೈಸೆನ್ಸ್ ಇರುವ ಕ್ರಿಪ್ಟೊ ಎಕ್ಸ್‌ಚೇಂಜ್” ಎಂದು ಯಾರಾದರೂ ಹೇಳಿದರೆ ಆ ಮಾತಿನಲ್ಲೇ ತಪ್ಪಿದೆ. ಕ್ರಿಪ್ಟೊ ಎಕ್ಸ್‌ಚೇಂಜ್‌ಗೆ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯ ಕೊಂಡು ಮಾರುವ ತಾಣಕ್ಕೆ, ಅಂಥ ಲೈಸೆನ್ಸ್ ಭಾರತದಲ್ಲಿ ಇಲ್ಲ. ರಿಸರ್ವ್ ಬ್ಯಾಂಕ್ ಕೊಡುವುದಿಲ್ಲ, ಷೇರುಪೇಟೆಯ ನಿಯಂತ್ರಕ ಸೆಬಿಯೂ ಕೊಡುವುದಿಲ್ಲ. ಹಾಗಿದ್ದೂ “ಆರ್‌ಬಿಐ ಅನುಮೋದಿತ”, “ಸೆಬಿ ನೋಂದಾಯಿತ” ಎಂಬ ಮುದ್ರೆ ಹೊತ್ತ ಪಿಡಿಎಫ್‌ಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನವೂ ಓಡಾಡುತ್ತವೆ. ಅಂಥ ಪ್ರಮಾಣಪತ್ರ ತೋರಿಸಿದ ಎಕ್ಸ್‌ಚೇಂಜ್ ಅನ್ನು ಮುಂದೆ ಪರೀಕ್ಷಿಸುವ ಅಗತ್ಯವೇ ಇಲ್ಲ, ಅಲ್ಲಿಗೇ ಬಿಟ್ಟುಬಿಡಿ.

ಹಾಗಾದರೆ ಪರೀಕ್ಷಿಸಬೇಕಾದದ್ದು ಏನನ್ನು?

ನಮ್ಮಲ್ಲಿ ಸದ್ಯ ಇರುವುದು ಒಂದು ನೋಂದಣಿ. 2023ರ ಮಾರ್ಚ್ 7ರಂದು ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಅಧಿಸೂಚನೆ ಕ್ರಿಪ್ಟೊ ವ್ಯವಹಾರ ನಡೆಸುವವರನ್ನು 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದಿತು. ರೂಪಾಯಿ ಪಡೆದು ಕ್ರಿಪ್ಟೊ ಕೊಡುವವರು, ಒಂದು ಕ್ರಿಪ್ಟೊವನ್ನು ಇನ್ನೊಂದಕ್ಕೆ ಬದಲಿಸಿಕೊಡುವವರು, ಗ್ರಾಹಕರ ಕ್ರಿಪ್ಟೊವನ್ನು ಕಾಪಿಡುವವರು ಎಲ್ಲರೂ ಹಣಕಾಸು ಗುಪ್ತಚರ ಘಟಕದಲ್ಲಿ, ಅಂದರೆ ಎಫ್‌ಐಯು–ಇಂಡಿಯಾದಲ್ಲಿ, ಹೆಸರು ನೋಂದಾಯಿಸಬೇಕು. ಗ್ರಾಹಕರ ಗುರುತು ಪರಿಶೀಲಿಸಬೇಕು, ದಾಖಲೆ ಇಟ್ಟುಕೊಳ್ಳಬೇಕು, ಅನುಮಾನಾಸ್ಪದ ವಹಿವಾಟು ಕಂಡರೆ ಘಟಕಕ್ಕೆ ವರದಿ ಮಾಡಬೇಕು. ಕಚೇರಿ ಭಾರತದಲ್ಲಿ ಇದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಭಾರತದ ಗ್ರಾಹಕರಿಗೆ ಸೇವೆ ಕೊಟ್ಟರೆ ನೋಂದಣಿ ಕಡ್ಡಾಯ.

ಈ ನೋಂದಣಿ ಏನಲ್ಲ ಎಂಬುದನ್ನೂ ಈಗಲೇ ತಿಳಿದುಕೊಳ್ಳಬೇಕು. ಎಕ್ಸ್‌ಚೇಂಜ್‌ನ ಬಳಿ ನಿಮ್ಮ ಹಣ ಭದ್ರವಾಗಿದೆ ಎಂದು ಎಫ್‌ಐಯು ಹೇಳುತ್ತಿಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ಸಿಗುವಂಥ ವಿಮೆ ಕ್ರಿಪ್ಟೊಗೆ ಇಲ್ಲ. ಷೇರುಪೇಟೆಯ ಹೂಡಿಕೆದಾರರಿಗೆ ಸೆಬಿಯಲ್ಲಿ ದೂರು ಕೊಡಲು ಇರುವಂಥ ವ್ಯವಸ್ಥೆಯೂ ಇಲ್ಲ. ನೋಂದಣಿ ಇದೆ ಎಂದರೆ ಗುರುತು ಪತ್ತೆಯಿರುವ, ಕಾನೂನಿಗೆ ಉತ್ತರ ಹೇಳಬೇಕಾದ ಒಂದು ಸಂಸ್ಥೆ ಎದುರಿಗಿದೆ ಎಂದರ್ಥ, ಅಷ್ಟೆ. ನೋಂದಣಿ ಇಲ್ಲದಿದ್ದರೆ ಅಷ್ಟೂ ಇಲ್ಲ.

ಇನ್ನೊಂದು ಗೊಂದಲ ತೆರಿಗೆಯದು. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್ ಇದೆ. ಆ ವರ್ಷದ ಜುಲೈ 1ರಿಂದ ಶೇ 1 ಟಿಡಿಎಸ್ (ಮಾರಿದಾಗಲೇ ಮುರಿದುಕೊಳ್ಳುವ ತೆರಿಗೆ) ಕೂಡ ಬಂತು. “ಸರ್ಕಾರ ತೆರಿಗೆ ತಗೊಳ್ತಿದೆ ಅಂದಮೇಲೆ ಅಧಿಕೃತವೇ ಅಲ್ವಾ” ಎಂದು ಏಜೆಂಟರು ವಾದಿಸುತ್ತಾರೆ. ತೆರಿಗೆ ಬೀಳುವುದು ನಿಮ್ಮ ಆದಾಯದ ಮೇಲೆ. ಎಕ್ಸ್‌ಚೇಂಜ್ ಯೋಗ್ಯವೋ ಅಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೆಜ್ಜೆ 1: ಬ್ರ್ಯಾಂಡ್ ಬಿಡಿ, ಕಂಪನಿಯ ಹೆಸರು ಹಿಡಿಯಿರಿ

ಆ್ಯಪ್‌ನ ಹೆಸರು ಒಂದು, ಅದನ್ನು ನಡೆಸುವ ಕಂಪನಿಯ ಹೆಸರು ಇನ್ನೊಂದು. ಕಾಯಿನ್‌ಡಿಸಿಎಕ್ಸ್ ಹಿಂದೆ ಇರುವುದು ನೆಬ್ಲಿಯೊ ಟೆಕ್ನಾಲಜೀಸ್ ಪ್ರೈವೇಟ್ ಲಿಮಿಟೆಡ್. ಕಾಯಿನ್‌ಸ್ವಿಚ್ ಹಿಂದೆ ಬಿಟ್‌ಸೈಫರ್ ಲ್ಯಾಬ್ಸ್ ಎಲ್‌ಎಲ್‌ಪಿ (ಎಲ್‌ಎಲ್‌ಪಿ ಎಂದರೆ ಸೀಮಿತ ಹೊಣೆಯ ಪಾಲುದಾರಿಕೆ). ವಜೀರ್‌ಎಕ್ಸ್ ಹಿಂದೆ ಜನ್‌ಮಾಯ್ ಲ್ಯಾಬ್ಸ್. ನೋಂದಣಿ, ಬ್ಯಾಂಕ್ ಖಾತೆ, ಜಿಎಸ್‌ಟಿ, ಟಿಡಿಎಸ್ ಎಲ್ಲವೂ ಈ ಎರಡನೇ ಹೆಸರಿನಲ್ಲಿ ಇರುತ್ತವೆ. ಆದ್ದರಿಂದ ಮುಂದಿನ ಪ್ರತಿ ಹೆಜ್ಜೆಯಲ್ಲೂ ನೀವು ಹುಡುಕುವುದು ಈ ಹೆಸರನ್ನೇ.

ಅದು ಸಿಗುವ ಜಾಗ ಜಾಲತಾಣದ ಅಡಿಭಾಗ, ‘ಟರ್ಮ್ಸ್ ಆಫ್ ಯೂಸ್’ ಪುಟದ ಮೊದಲ ಎರಡು ಪ್ಯಾರಾ, ‘ಪ್ರೈವಸಿ ಪಾಲಿಸಿ’, ಮತ್ತು ಕುಂದುಕೊರತೆ ಅಧಿಕಾರಿಯ ವಿವರ ಇರುವ ಪುಟ. ಈ ನಾಲ್ಕು ಕಡೆಯೂ ಹೆಸರು ಒಂದೇ ಇರಬೇಕು. ಒಂದು ಕಡೆ ‘ಪ್ರೈವೇಟ್ ಲಿಮಿಟೆಡ್’, ಇನ್ನೊಂದು ಕಡೆ ‘ಗ್ಲೋಬಲ್ ಲಿಮಿಟೆಡ್’ ಎಂದಿದ್ದರೆ ಯಾವ ಕಂಪನಿ ಯಾವ ಕೆಲಸಕ್ಕೆ ಹೊಣೆ ಎಂದು ಪುಟದಲ್ಲೇ ಸ್ಪಷ್ಟವಾಗಿ ಬರೆದಿರಬೇಕು. ಟರ್ಮ್ಸ್ ಪುಟದಲ್ಲಿ ಬರೀ “ನಾವು”, “ಕಂಪನಿ”, “ಪ್ಲಾಟ್‌ಫಾರ್ಮ್” ಎಂದಷ್ಟೇ ಇದ್ದು ಹೆಸರೇ ಇಲ್ಲದಿದ್ದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ನಾಳೆ ದೂರು ಕೊಡಲು ಠಾಣೆಗೆ ಹೋದಾಗ ಯಾರ ಮೇಲೆ ಎಂದು ಕೇಳುತ್ತಾರೆ, ಹೇಳಲು ಹೆಸರೇ ಇರುವುದಿಲ್ಲ.

ಹೆಸರನ್ನು ಅಕ್ಷರ ಬಿಡದೆ ಬರೆದಿಟ್ಟುಕೊಳ್ಳಿ. ‘ಟೆಕ್ನಾಲಜಿ’ ಮತ್ತು ‘ಟೆಕ್ನಾಲಜೀಸ್’ ಎರಡು ಬೇರೆ ಕಂಪನಿಗಳಾಗಿರಬಹುದು. ವಂಚಕರು ಆಡುವುದು ಈ ಅಂತರದಲ್ಲೇ.

ಹೆಜ್ಜೆ 2: ಕಂಪನಿ ನಿಜವಾಗಿ ಇದೆಯೇ

ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣಕ್ಕೆ (ಎಂಸಿಎ ಡಾಟ್ ಗವ್ ಡಾಟ್ ಇನ್) ಹೋಗಿ. ‘ವ್ಯೂ ಕಂಪನಿ ಆರ್ ಎಲ್‌ಎಲ್‌ಪಿ ಮಾಸ್ಟರ್ ಡೇಟಾ’ ಎಂಬ ಸೌಲಭ್ಯದಲ್ಲಿ ಹೆಸರು ಅಥವಾ ಕಂಪನಿ ಗುರುತಿನ ಸಂಖ್ಯೆ ಹಾಕಿ ಹುಡುಕಬಹುದು. ಲಾಗಿನ್ ಕೇಳಿದರೆ ಸಾಮಾನ್ಯ ಬಳಕೆದಾರರಾಗಿ ಖಾತೆ ತೆರೆಯಿರಿ.

ಸಿಐಎನ್ ಎಂದು ಕರೆಯುವ ಈ ಗುರುತಿನ ಸಂಖ್ಯೆಯನ್ನು ಓದಲು ಕಲಿತರೆ ಅರ್ಧ ವಂಚನೆ ಅಲ್ಲೇ ಬಯಲಾಗುತ್ತದೆ. ಅದರಲ್ಲಿ ಒಟ್ಟು 21 ಅಕ್ಷರ, ಅಂಕಿಗಳು. ಉದಾಹರಣೆಗೆಂದು ಕಟ್ಟಿದ ಒಂದು ಸಂಖ್ಯೆ ನೋಡಿ: ಯು 62099 ಕೆಎ 2021 ಪಿಟಿಸಿ 000000. ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆದಿರುತ್ತಾರೆ. ಮೊದಲ ‘ಯು’ ಎಂದರೆ ಷೇರುಪೇಟೆಯಲ್ಲಿ ಪಟ್ಟಿಯಾಗದ ಕಂಪನಿ, ಪಟ್ಟಿಯಾಗಿದ್ದರೆ ‘ಎಲ್’. ಮುಂದಿನ 5 ಅಂಕಿ ಉದ್ಯಮದ ಬಗೆ. ಆಮೇಲಿನ 2 ಅಕ್ಷರ ರಾಜ್ಯ; ‘ಕೆಎ’ ಎಂದರೆ ಕರ್ನಾಟಕ. ನಂತರ ಸ್ಥಾಪನೆಯಾದ ವರ್ಷ. ‘ಪಿಟಿಸಿ’ ಎಂದರೆ ಪ್ರೈವೇಟ್ ಕಂಪನಿ, ‘ಪಿಎಲ್‌ಸಿ’ ಎಂದರೆ ಪಬ್ಲಿಕ್ ಕಂಪನಿ. ಕೊನೆಯ 6 ಅಂಕಿ ನೋಂದಣಿ ಕ್ರಮಸಂಖ್ಯೆ. “2015ರಿಂದ ಸೇವೆಯಲ್ಲಿದ್ದೇವೆ” ಎನ್ನುವ ಎಕ್ಸ್‌ಚೇಂಜ್‌ನ ಸಂಖ್ಯೆಯ ನಡುವೆ 2024 ಎಂದಿದ್ದರೆ ಬೇರೆ ಸಾಕ್ಷಿ ಬೇಕೇ? ಎಲ್‌ಎಲ್‌ಪಿಗಳಿಗೆ ಮಾತ್ರ ಸಿಐಎನ್ ಇರುವುದಿಲ್ಲ. ಅವುಗಳಿಗೆ ಚಿಕ್ಕದಾದ ಬೇರೆ ಸಂಖ್ಯೆ ಇರುತ್ತದೆ, ಅದನ್ನು ಕಂಡು ಗಾಬರಿಯಾಗಬೇಡಿ.

ದಾಖಲೆ ತೆರೆದ ಮೇಲೆ ಮೊದಲು ‘ಸ್ಟೇಟಸ್’ ನೋಡಿ. ‘ಆ್ಯಕ್ಟಿವ್’ ಇರಬೇಕು. ‘ಸ್ಟ್ರೈಕ್ ಆಫ್’ ಎಂದಿದ್ದರೆ ಕಂಪನಿಯ ಹೆಸರನ್ನು ದಾಖಲೆಯಿಂದಲೇ ತೆಗೆದಿದ್ದಾರೆ. ಸ್ಥಾಪನೆಯ ದಿನಾಂಕ, ನೋಂದಾಯಿತ ವಿಳಾಸ, ಪಾವತಿಯಾದ ಬಂಡವಾಳ, ಕೊನೆಯ ಲೆಕ್ಕಪತ್ರ ಸಲ್ಲಿಸಿದ ದಿನಾಂಕ ಗಮನಿಸಿ. ದಿನಕ್ಕೆ ಕೋಟಿಗಟ್ಟಲೆ ವಹಿವಾಟು ಎಂದು ಜಾಹೀರಾತು ಕೊಡುವ ಕಂಪನಿಯ ಬಂಡವಾಳ 1 ಲಕ್ಷ ರೂಪಾಯಿ, ಕೊನೆಯ ಲೆಕ್ಕಪತ್ರ ಮೂರು ವರ್ಷ ಹಳೆಯದು ಎಂದರೆ ದೂರ ಉಳಿಯುವುದು ಲೇಸು.

ಇಲ್ಲೊಂದು ಎಚ್ಚರಿಕೆ. ಕಂಪನಿ ನೋಂದಣಿ ಯಾರು ಬೇಕಾದರೂ ಮಾಡಿಸಬಹುದು. ಬೇಕರಿ ತೆರೆಯುವವರೂ ಇದೇ ಪ್ರಮಾಣಪತ್ರ ಪಡೆಯುತ್ತಾರೆ. ಕ್ರಿಪ್ಟೊ ವ್ಯವಹಾರಕ್ಕೆ ಅದು ಒಪ್ಪಿಗೆಯಲ್ಲ. ಇನ್ನು ಬೈನಾನ್ಸ್, ಕುಕಾಯಿನ್‌ಗಳಂಥ ವಿದೇಶಿ ಎಕ್ಸ್‌ಚೇಂಜ್‌ಗಳ ವಿಷಯದಲ್ಲಿ ಸಿಐಎನ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ನಕಲಿ ಎನ್ನಲಾಗದು. ಅವುಗಳಿಗೆ ಮೂರನೇ ಹೆಜ್ಜೆಯೇ ನಿರ್ಣಾಯಕ.

ಜಿಎಸ್‌ಟಿ ಸಂಖ್ಯೆ ಕೊಟ್ಟಿದ್ದರೆ ಅದನ್ನೂ ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಹಾಕಿ. ಲಾಗಿನ್ ಬೇಕಿಲ್ಲ. 15 ಅಕ್ಷರಗಳ ಆ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕವಾದರೆ 29. ಮುಂದಿನ ಹತ್ತು ಅಕ್ಷರ ಆ ಸಂಸ್ಥೆಯ ಪ್ಯಾನ್. ಆರನೇ ಅಕ್ಷರದ ಮೇಲೆ ಬೆರಳಿಡಿ: ‘ಸಿ’ ಇದ್ದರೆ ಕಂಪನಿ, ‘ಎಫ್’ ಇದ್ದರೆ ಪಾಲುದಾರಿಕೆ ಅಥವಾ ಎಲ್‌ಎಲ್‌ಪಿ, ‘ಪಿ’ ಇದ್ದರೆ ಒಬ್ಬ ವ್ಯಕ್ತಿ. ಪ್ರೈವೇಟ್ ಲಿಮಿಟೆಡ್ ಎಂದು ಹೇಳಿಕೊಂಡು ‘ಪಿ’ ಅಕ್ಷರದ ಸಂಖ್ಯೆ ಹಾಕಿದ್ದರೆ ಅದು ಬೇರೆ ಯಾರದೋ ಅಂಗಡಿಯ ಸಂಖ್ಯೆ.

ಹೆಜ್ಜೆ 3: ಎಫ್‌ಐಯು ನೋಂದಣಿ

ಇದೇ ಮುಖ್ಯವಾದ ಹೆಜ್ಜೆ. ಹೆಚ್ಚಿನವರು ಎಡವುವುದೂ ಇಲ್ಲೇ, ಯಾಕೆಂದರೆ ಎಕ್ಸ್‌ಚೇಂಜ್ ತನ್ನ ಪುಟದಲ್ಲಿ ಹಾಕಿಕೊಂಡ ಲಾಂಛನ ನೋಡಿ ಸುಮ್ಮನಾಗುತ್ತಾರೆ. ಲಾಂಛನ ಅಂಟಿಸಲು ಎರಡು ನಿಮಿಷ ಸಾಕು. ಮಾಹಿತಿ ಸರ್ಕಾರದ ಕಡೆಯಿಂದಲೇ ಬರಬೇಕು.

ನೋಡಬೇಕಾದ ಮೂಲಗಳು ಮೂರು. ಒಂದು, ಎಫ್‌ಐಯು–ಇಂಡಿಯಾದ ಸ್ವಂತ ಜಾಲತಾಣ (ಎಫ್‌ಐಯುಇಂಡಿಯಾ ಡಾಟ್ ಗವ್ ಡಾಟ್ ಇನ್), ಅಲ್ಲಿನ ಪ್ರಕಟಣೆ ಮತ್ತು ಆದೇಶಗಳು. ಎರಡು, ಪತ್ರಿಕಾ ಮಾಹಿತಿ ಕಚೇರಿ, ಅಂದರೆ ಪಿಐಬಿ. ಮೂರು, ಸಂಸತ್ತಿನಲ್ಲಿ ಹಣಕಾಸು ಸಚಿವಾಲಯ ಕೊಟ್ಟ ಲಿಖಿತ ಉತ್ತರಗಳು. 2023ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಕೊಟ್ಟ ಉತ್ತರದ ಪ್ರಕಾರ ಆಗ ನೋಂದಾಯಿಸಿದ್ದ ಸಂಸ್ಥೆಗಳು 28. 2025ರ ಅಕ್ಟೋಬರ್ 1ರ ಪ್ರಕಟಣೆಯಲ್ಲಿ ಆ ಸಂಖ್ಯೆ 50. ದೇಶದಲ್ಲಿ ಓಡಾಡುವ ಆ್ಯಪ್‌ಗಳನ್ನು ನೆನೆದರೆ ಇದು ಎಷ್ಟು ಸಣ್ಣ ಪಟ್ಟಿ ಎಂದು ತಿಳಿಯುತ್ತದೆ.

ಯಾರಿಗೆ ನೋಟಿಸ್ ಹೋಗಿದೆ ಎಂಬುದನ್ನೂ ಇಲ್ಲೇ ನೋಡಬೇಕು. 2023ರ ಡಿಸೆಂಬರ್ 28ರಂದು ಬೈನಾನ್ಸ್, ಕುಕಾಯಿನ್, ಹುವೋಬಿ, ಕ್ರಾಕನ್, ಗೇಟ್ ಡಾಟ್ ಐಒ, ಬಿಟ್ರೆಕ್ಸ್, ಬಿಟ್‌ಸ್ಟ್ಯಾಂಪ್, ಎಂಇಎಕ್ಸ್‌ಸಿ ಗ್ಲೋಬಲ್, ಬಿಟ್‌ಫೈನೆಕ್ಸ್ ಎಂಬ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಎಫ್‌ಐಯು ನೋಟಿಸ್ ಕೊಟ್ಟಿತು. ಅವುಗಳ ಜಾಲತಾಣ ತಡೆಯುವಂತೆ ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೂ ಬರೆಯಿತು. ಮರು ತಿಂಗಳೇ ಹಲವು ಆ್ಯಪ್‌ಗಳು ಭಾರತದ ಆ್ಯಪ್ ಸ್ಟೋರ್‌ಗಳಿಂದ ಮಾಯವಾದವು. 2025ರ ಅಕ್ಟೋಬರ್‌ನಲ್ಲಿ ಇನ್ನೂ 25 ವಿದೇಶಿ ಸಂಸ್ಥೆಗಳಿಗೆ ನೋಟಿಸ್ ಹೋಯಿತು.

ಆದರೆ ಈ ಹೆಸರುಗಳು ಅಲ್ಲೇ ನಿಲ್ಲುವುದಿಲ್ಲ. ಕುಕಾಯಿನ್ 34.5 ಲಕ್ಷ ರೂಪಾಯಿ ದಂಡ ಕಟ್ಟಿ 2024ರಲ್ಲಿ ನೋಂದಾಯಿಸಿಕೊಂಡಿತು. ಬೈನಾನ್ಸ್‌ಗೆ 2024ರ ಜೂನ್‌ನಲ್ಲಿ 18.82 ಕೋಟಿ ರೂಪಾಯಿ ದಂಡ ಬಿತ್ತು. ಇನ್ನೊಂದು ವಿದೇಶಿ ಎಕ್ಸ್‌ಚೇಂಜ್ ಬೈಬಿಟ್‌ಗೆ 2025ರ ಜನವರಿಯಲ್ಲಿ 9.27 ಕೋಟಿ. ಹಾಗಾಗಿ ವರ್ಷದ ಹಿಂದಿನ ಯೂಟ್ಯೂಬ್ ವಿಡಿಯೊದಲ್ಲಿ “ಬ್ಯಾನ್ ಆಗಿದೆ” ಎಂದಿದ್ದು ಇಂದು ನೋಂದಾಯಿತವಾಗಿರಬಹುದು, “ನೋಂದಣಿಯಾಗಿದೆ” ಎಂದಿದ್ದರ ಸ್ಥಿತಿಯೂ ಬದಲಾಗಿರಬಹುದು. ಯಾವ ಪಟ್ಟಿ ಸಿಕ್ಕರೂ ಮೊದಲು ದಿನಾಂಕ ನೋಡಿ.

ಜೊತೆಗೆ ಎಕ್ಸ್‌ಚೇಂಜ್‌ನ ಗ್ರಾಹಕ ಸೇವೆಗೆ ಒಂದು ಇಮೇಲ್ ಕಳಿಸಿ. ಚಾಟ್ ಬೇಡ, ಇಮೇಲ್. “ಎಫ್‌ಐಯು–ಇಂಡಿಯಾದಲ್ಲಿ ಯಾವ ಕಂಪನಿಯ ಹೆಸರಿನಲ್ಲಿ, ಯಾವ ದಿನಾಂಕದಂದು ನೋಂದಣಿಯಾಗಿದೆ, ನೋಂದಣಿ ಸಂಖ್ಯೆ ಏನು” ಎಂದು ಮೂರೇ ಪ್ರಶ್ನೆ ಕೇಳಿ. ನಿಜವಾದ ಸಂಸ್ಥೆಗೆ ಇದು ಕಷ್ಟದ ಪ್ರಶ್ನೆಯಲ್ಲ. “ಅರ್ಜಿ ಹಾಕಿದ್ದೇವೆ”, “ಪ್ರಕ್ರಿಯೆಯಲ್ಲಿದೆ” ಎಂಬ ಉತ್ತರ ಬಂದರೆ ನೋಂದಣಿ ಇಲ್ಲ ಎಂದೇ ಓದಿಕೊಳ್ಳಿ. ಹೆಸರು ಬಂದರೆ ಅದನ್ನು ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಹೆಸರಿನ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ.

ಜಾಲತಾಣ ತೆರೆಯಲು ವಿಪಿಎನ್ (ನೀವಿರುವ ದೇಶವನ್ನು ಮರೆಮಾಚುವ ತಂತ್ರಾಂಶ) ಹಾಕಿಕೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟರೆ ಮುಂದೆ ಹೋಗಲೇಬೇಡಿ. ಭಾರತದಲ್ಲಿ ತಡೆದಿರುವ ಬಾಗಿಲಿನಿಂದ ಒಳಹೋದವರ ಹಣ ಸಿಕ್ಕಿಹಾಕಿಕೊಂಡರೆ ಇಲ್ಲಿಯ ಯಾವ ಕಚೇರಿಯೂ ಕೈಹಿಡಿಯುವುದು ಕಷ್ಟ.

ವಿದೇಶಿ ಪ್ರಮಾಣಪತ್ರಗಳಿಗೂ ಮರುಳಾಗಬೇಡಿ. ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ‘ಎಂಎಸ್‌ಬಿ’ ನೋಂದಣಿ. ಅದು ಹಣ ಸಾಗಿಸುವ ಸಂಸ್ಥೆ ತಾನೇ ಫಾರಂ ತುಂಬಿ ಮಾಡಿಕೊಳ್ಳುವ ನೋಂದಣಿ. ಪಟ್ಟಿಯಲ್ಲಿ ಹೆಸರಿರುವುದು ಶಿಫಾರಸು ಅಲ್ಲ ಎಂದು ಅದನ್ನು ನಡೆಸುವ ಫಿನ್‌ಸೆನ್ ಸಂಸ್ಥೆಯೇ ಹೇಳುತ್ತದೆ. ಬ್ರಿಟನ್ನಿನ ಕಂಪನಿ ನೋಂದಣಿ ಪತ್ರದ ಬೆಲೆಯೂ ನಮ್ಮ ಸಿಐಎನ್‌ನಷ್ಟೇ.

ಹೆಜ್ಜೆ 4: ನೀವು ನಿಂತಿರುವುದು ಅದೇ ಬಾಗಿಲಲ್ಲೇ?

ಕಂಪನಿ ನಿಜ, ನೋಂದಣಿ ನಿಜ, ಆದರೆ ನಿಮ್ಮ ಫೋನಿನಲ್ಲಿರುವ ಆ್ಯಪ್ ಆ ಕಂಪನಿಯದ್ದಲ್ಲ. ಈಗ ಹೆಚ್ಚು ನಡೆಯುವ ಮೋಸ ಇದು. ನಿಜವಾದ ಕಂಪನಿಯ ಸಿಐಎನ್, ವಿಳಾಸ, ನೋಂದಣಿ ಸಂಖ್ಯೆಯನ್ನೆಲ್ಲ ನಕಲು ಮಾಡಿ ಹೊಸ ಜಾಲತಾಣದ ಅಡಿಯಲ್ಲಿ ಅಂಟಿಸುತ್ತಾರೆ. ಮೊದಲ ಮೂರು ಹೆಜ್ಜೆಗಳಲ್ಲಿ ಅದು ಸಲೀಸಾಗಿ ಪಾಸಾಗುತ್ತದೆ.

ಹಾಗಾಗಿ ಈಗ ಹಿಂದಿನಿಂದ ಮುಂದಕ್ಕೆ ಬನ್ನಿ. ಕಂಪನಿಯ ಹೆಸರಿನಿಂದ ಹುಡುಕಿ ಅದರ ನಿಜವಾದ ಜಾಲತಾಣ ಯಾವುದು ಎಂದು ಕಂಡುಕೊಳ್ಳಿ. ಹುಡುಕಾಟದಲ್ಲಿ ಮೊದಲು ಬರುವ ‘ಸ್ಪಾನ್ಸರ್ಡ್’ ಕೊಂಡಿಗಳನ್ನು ಬಿಟ್ಟುಬಿಡಿ, ನಕಲಿಗಳು ಹಣ ಕೊಟ್ಟು ಅಲ್ಲೇ ಕೂರುತ್ತವೆ. ವಿಳಾಸದಲ್ಲಿ ‘ಪ್ರೊ’, ‘ವಿಐಪಿ’, ‘ಇಂಡಿಯಾ’ ಎಂಬ ಬಾಲ ಸೇರಿದೆಯೇ, ‘ಓ’ ಅಕ್ಷರದ ಜಾಗದಲ್ಲಿ ಸೊನ್ನೆ ಕೂತಿದೆಯೇ ನೋಡಿ. ಅಂತರರಾಷ್ಟ್ರೀಯ ಡೊಮೇನ್ ಸಂಸ್ಥೆಯ ಉಚಿತ ಪುಟದಲ್ಲಿ (ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್) ವಿಳಾಸ ಹಾಕಿದರೆ ಅದು ಹುಟ್ಟಿದ ದಿನಾಂಕ ಕಾಣುತ್ತದೆ. ಐದು ವರ್ಷದ ಕಂಪನಿ, ಆರು ವಾರದ ವಿಳಾಸ ಎಂದರೆ ವಿಷಯ ಸ್ಪಷ್ಟ.

ಆ್ಯಪ್ ಅನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದಲೇ ಇಳಿಸಿಕೊಳ್ಳಿ, ಅದೂ ಕಂಪನಿಯ ಜಾಲತಾಣದಲ್ಲಿರುವ ಕೊಂಡಿ ಒತ್ತಿ. ಪ್ರಕಾಶಕರ ಹೆಸರು, ಬೆಂಬಲದ ಇಮೇಲ್ ಓದಿ. ಟೆಲಿಗ್ರಾಮ್‌ನಲ್ಲಿ ಬಂದ ಎಪಿಕೆ ಫೈಲ್ (ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಆ್ಯಪ್) ಹಾಕಿಕೊಂಡವರ ಎಸ್‌ಎಂಎಸ್, ಒಟಿಪಿ ಎಲ್ಲವೂ ಇನ್ನೊಬ್ಬರ ಕೈಗೆ ಹೋದ ಪ್ರಕರಣಗಳು ಬೇಕಾದಷ್ಟಿವೆ.

ಕೆವೈಸಿ ಕೇಳುವ ರೀತಿಯೂ ಒಂದು ಗುರುತು. ನೋಂದಾಯಿತ ಎಕ್ಸ್‌ಚೇಂಜ್ ಪ್ಯಾನ್ ಇಲ್ಲದೆ ಖಾತೆ ಚಾಲೂ ಮಾಡುವಂತಿಲ್ಲ. ಎಫ್‌ಐಯು 2026ರ ಜನವರಿಯಲ್ಲಿ ಮಾರ್ಗಸೂಚಿಯನ್ನು ಬಿಗಿಗೊಳಿಸಿದ ಮೇಲೆ ಕ್ಯಾಮೆರಾ ಎದುರು ಕಣ್ಣು ಮಿಟುಕಿಸಿ, ತಲೆ ತಿರುಗಿಸಿ ಸೆಲ್ಫಿ ಕೊಡುವುದು, ಸ್ಥಳದ ಮಾಹಿತಿ, ಬ್ಯಾಂಕ್ ಖಾತೆಗೆ 1 ರೂಪಾಯಿ ಕಳಿಸಿ ಖಾತೆದಾರರ ಹೆಸರು ಹೋಲಿಸುವುದು ಎಲ್ಲ ಸೇರಿಕೊಂಡಿವೆ. ಕಿರಿಕಿರಿ ಅನಿಸಬಹುದು. ಆದರೂ “ಕೆವೈಸಿ ಬೇಡ, ಮೊಬೈಲ್ ನಂಬರ್ ಸಾಕು” ಎನ್ನುವ ಎಕ್ಸ್‌ಚೇಂಜ್ ಕಾನೂನಿನ ಹೊರಗಿದೆ ಎಂದೇ ತಿಳಿಯಿರಿ.

ಹೆಜ್ಜೆ 5: ರೂಪಾಯಿ ಹೋಗುತ್ತಿರುವುದು ಯಾರ ಖಾತೆಗೆ

ಯುಪಿಐಯಲ್ಲಿ ಮೊತ್ತ ಹಾಕಿದ ಮೇಲೆ, ಪಿನ್ ಒತ್ತುವ ಮೊದಲು ಪರದೆಯಲ್ಲಿ ಬ್ಯಾಂಕಿನಲ್ಲಿರುವ ಹೆಸರು ಬರುತ್ತದೆ. ಆ ಒಂದು ಸಾಲನ್ನು ಓದಿ. ಅಲ್ಲಿ ನೀವು ಬರೆದಿಟ್ಟ ಕಂಪನಿಯ ಹೆಸರಿರಬೇಕು, ಅಥವಾ ಹೆಸರುವಾಸಿಯಾದ ಪಾವತಿ ಸಂಸ್ಥೆಯ ಮೂಲಕ ಅದೇ ಕಂಪನಿಗೆ ಎಂದಿರಬೇಕು. ಅದರ ಬದಲು ಯಾವುದೋ ವ್ಯಕ್ತಿಯ ಹೆಸರೋ, ‘ಟ್ರೇಡರ್ಸ್’, ‘ಎಂಟರ್‌ಪ್ರೈಸಸ್’ ಎಂಬ ಅಂಗಡಿಯ ಹೆಸರೋ ಇದ್ದರೆ ಅದು ಬಾಡಿಗೆಗೆ ಪಡೆದ ಖಾತೆ. ಬೆಳಿಗ್ಗೆ ಒಂದು ಖಾತೆ, ಸಂಜೆ ಇನ್ನೊಂದು ಎಂದು ಬದಲಾಗುತ್ತಿದ್ದರಂತೂ ಅನುಮಾನವೇ ಬೇಡ. ಒಂದನ್ನು ಪೊಲೀಸರು ತಡೆಹಿಡಿದ ಹಾಗೆ ಇನ್ನೊಂದನ್ನು ತೆರೆಯುತ್ತಿದ್ದಾರೆ.

ಹಣ ಕಳಿಸುವ ಮೊದಲು ಇನ್ನೊಂದು ಕೆಲಸವಿದೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ (ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್) ‘ರಿಪೋರ್ಟ್ ಆ್ಯಂಡ್ ಚೆಕ್ ಸಸ್ಪೆಕ್ಟ್’ ಎಂಬ ವಿಭಾಗ ಇದೆ. ಫೋನ್ ಸಂಖ್ಯೆ, ಯುಪಿಐ ಐಡಿ, ಖಾತೆ ಸಂಖ್ಯೆ, ಜಾಲತಾಣ ಹಾಕಿದರೆ ಈಗಾಗಲೇ ದೂರು ಬಂದಿದೆಯೇ ಎಂದು ತಿಳಿಯುತ್ತದೆ. ಏನೂ ಸಿಗದಿದ್ದರೆ ಸುರಕ್ಷಿತ ಎಂದಲ್ಲ, ಸಿಕ್ಕರೆ ಮಾತ್ರ ಖಂಡಿತ ಬೇಡ.

ಬಳಕೆದಾರರು ತಮ್ಮತಮ್ಮಲ್ಲೇ ಕೊಂಡು ಮಾರುವ ಪಿಟುಪಿ ವಿಭಾಗದಲ್ಲಿ ಇನ್ನೊಂದು ಅಪಾಯ ಇದೆ. ನೋಂದಾಯಿತ ಎಕ್ಸ್‌ಚೇಂಜ್‌ನಲ್ಲೇ ಆದರೂ ಅಲ್ಲಿ ನಿಮಗೆ ರೂಪಾಯಿ ಕಳಿಸುವುದು ಇನ್ನೊಬ್ಬ ಬಳಕೆದಾರ. ಅವನ ಹಣ ಯಾರಿಗೋ ಮೋಸ ಮಾಡಿ ಬಂದದ್ದಾಗಿದ್ದರೆ, ಆ ಜಾಡು ಹಿಡಿದು ಬರುವ ಪೊಲೀಸ್ ಸೂಚನೆ ನಿಮ್ಮ ಖಾತೆಯನ್ನು ತಡೆಹಿಡಿಯುತ್ತದೆ. ದೂರು ದಾಖಲಾಗಿರುವುದು ಬೇರೆ ರಾಜ್ಯದ ಠಾಣೆಯಲ್ಲಾದರೆ ಖಾತೆ ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆದಾಡಬೇಕು. ಸಂಬಳ ಬರುವ ಖಾತೆಯನ್ನು ಇದಕ್ಕೆ ಜೋಡಿಸಲೇಬೇಡಿ.

ಹೆಜ್ಜೆ 6: ಸಣ್ಣ ಮೊತ್ತದ ಪರೀಕ್ಷೆ

ಇಷ್ಟೂ ಸರಿ ಇದ್ದರೆ ಕಳೆದುಕೊಂಡರೂ ಚಿಂತೆಯಿಲ್ಲದ ಮೊತ್ತದಲ್ಲಿ ಒಮ್ಮೆ ಕೊಂಡು, ಮಾರಿ, ಬ್ಯಾಂಕಿಗೆ ವಾಪಸ್ ತರಿಸಿಕೊಳ್ಳಿ. ಹಣ ವಾಪಸ್ ಬಂತು ಎಂಬುದೇ ನಂಬಿಕೆಗೆ ಸಾಕ್ಷಿಯಲ್ಲ. ವಂಚಕರೂ ಮೊದಲ ಎರಡು ಮೂರು ಸಲ ಸಣ್ಣ ಮೊತ್ತವನ್ನು ತಪ್ಪದೆ ಕೊಡುತ್ತಾರೆ. ಇಲ್ಲಿ ನೋಡಬೇಕಾದದ್ದು ಕಡಿತದ ಲೆಕ್ಕ.

10,000 ರೂಪಾಯಿಯ ಕ್ರಿಪ್ಟೊ ಮಾರಿದಿರಿ, ಎಕ್ಸ್‌ಚೇಂಜ್ ಶುಲ್ಕ ಶೇ 0.5 ಎಂದಿಟ್ಟುಕೊಳ್ಳಿ. ಶುಲ್ಕ 50 ರೂಪಾಯಿ, ಅದರ ಮೇಲೆ ಶೇ 18ರಂತೆ ಜಿಎಸ್‌ಟಿ 9 ರೂಪಾಯಿ, ಟಿಡಿಎಸ್ ಸುಮಾರು 100 ರೂಪಾಯಿ. ಕೈಗೆ ಬರುವುದು 9,840ರ ಆಸುಪಾಸು. ಈ ಮೂರೂ ಬಾಬ್ತು ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಕಾಣಬೇಕು. ಟಿಡಿಎಸ್ ಹಿಡಿಯದ ಎಕ್ಸ್‌ಚೇಂಜ್ ಉದಾರಿಯಲ್ಲ, ಅದು ಭಾರತದ ತೆರಿಗೆ ಇಲಾಖೆಯ ಜೊತೆ ವ್ಯವಹಾರವೇ ಇಲ್ಲದ ಸಂಸ್ಥೆ.

ಹಿಡಿದ ಟಿಡಿಎಸ್ ಸರ್ಕಾರಕ್ಕೆ ಸೇರಿತೇ? ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಲಾಗಿನ್ ಆಗಿ ವಾರ್ಷಿಕ ಮಾಹಿತಿ ಪಟ್ಟಿ ತೆರೆಯಿರಿ. ಅಲ್ಲಿ ತೆರಿಗೆ ಹಿಡಿದವರ ಹೆಸರು, ಮೊತ್ತ ಇರುತ್ತದೆ. ಮತ್ತೆ ಅದೇ ಕಂಪನಿಯ ಹೆಸರೇ ಬರಬೇಕು. ಟಿಡಿಎಸ್ ವಿವರ ಸಲ್ಲಿಸುವುದು ಮೂರು ತಿಂಗಳಿಗೊಮ್ಮೆಯಾದ್ದರಿಂದ ಅದು ಕಾಣಿಸಿಕೊಳ್ಳಲು ಕೆಲವು ತಿಂಗಳು ಹಿಡಿಯಬಹುದು. ದೊಡ್ಡ ಮೊತ್ತ ಹಾಕುವ ಆಲೋಚನೆ ಇದ್ದರೆ ಅಷ್ಟು ದಿನ ಕಾಯುವುದರಲ್ಲಿ ನಷ್ಟವೇನಿಲ್ಲ. ಈ ಪರೀಕ್ಷೆಯನ್ನು ಯಾವ ನಕಲಿ ಜಾಲತಾಣವೂ ಪಾಸು ಮಾಡಲಾರದು.

ತೆರಿಗೆಯ ಹೆಸರಿನಲ್ಲೇ ನಡೆಯುವ ಒಂದು ಮೋಸವನ್ನು ಇಲ್ಲೇ ಹೇಳಬೇಕು. ಪರದೆಯ ಮೇಲೆ ನಿಮ್ಮ 2 ಲಕ್ಷ 9 ಲಕ್ಷವಾಗಿ ಕಾಣುತ್ತದೆ. ಹಿಂಪಡೆಯಲು ಹೋದರೆ “ಮೊದಲು ಶೇ 30 ತೆರಿಗೆಯನ್ನು ನಮ್ಮ ಖಾತೆಗೆ ಕಟ್ಟಿ, ಆಮೇಲೆ ಪೂರ್ತಿ ಹಣ ಬಿಡುತ್ತೇವೆ” ಎನ್ನುತ್ತಾರೆ. ಶೇ 30 ತೆರಿಗೆಯನ್ನು ನೀವು ಸರ್ಕಾರಕ್ಕೆ ಕಟ್ಟುವುದು. ಯಾವ ಎಕ್ಸ್‌ಚೇಂಜೂ ಅದನ್ನು ಮುಂಗಡವಾಗಿ ವಸೂಲು ಮಾಡುವುದಿಲ್ಲ. ಈ ಮಾತು ಕೇಳಿದ ಕ್ಷಣವೇ ಹಣ ಹೋಗಿದೆ ಎಂದು ತಿಳಿದು ದೂರು ಕೊಡಬೇಕೇ ಹೊರತು, ಒಡವೆ ಅಡವಿಟ್ಟು ‘ತೆರಿಗೆ’ ಕಟ್ಟಬಾರದು. “ತಿಂಗಳಿಗೆ ಶೇ 8 ಗ್ಯಾರಂಟಿ” ಎನ್ನುವುದಂತೂ ಎಕ್ಸ್‌ಚೇಂಜೇ ಅಲ್ಲ, ಕಾನೂನುಬಾಹಿರ ಠೇವಣಿ ಯೋಜನೆ.

ಎಲ್ಲ ಸರಿ ಬಂದ ಮೇಲೆ ಉಳಿಯುವ ಪ್ರಶ್ನೆ

2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಅದರ ಭಾರತೀಯ ಕಂಪನಿ ಎಫ್‌ಐಯು ನೋಂದಾಯಿತವೇ ಆಗಿತ್ತು. ಗ್ರಾಹಕರು ಭಾರತೀಯರು, ಕಟ್ಟಿದ್ದು ರೂಪಾಯಿ. ಆದರೆ ಹಣ ಬರಬೇಕಾದವರಿಗೆ ಹಂಚುವ ಯೋಜನೆ ಹೋದದ್ದು ಸಿಂಗಪುರದ ಹೈಕೋರ್ಟಿಗೆ, ಅಲ್ಲಿನ ಜೆಟ್ಟಾಯ್ ಎಂಬ ಕಂಪನಿಯ ಹೆಸರಿನಲ್ಲಿ. ಒಪ್ಪಿಗೆ ಸಿಕ್ಕಿ ವಹಿವಾಟು ಮತ್ತೆ ಶುರುವಾಗುವ ಹೊತ್ತಿಗೆ 2025ರ ಅಕ್ಟೋಬರ್ ಆಗಿತ್ತು. ಹದಿನೈದು ತಿಂಗಳು ಜನರ ಹಣ ನಿಂತುಹೋಯಿತು.

ಇದರಿಂದ ಕಲಿಯಬೇಕಾದ ಪಾಠ ಟರ್ಮ್ಸ್ ಪುಟದಲ್ಲೇ ಇದೆ. ಉದ್ದದ ಪುಟ, ಪೂರ್ತಿ ಓದಲು ಯಾರಿಗೂ ತಾಳ್ಮೆ ಇರುವುದಿಲ್ಲ. ‘ಕಸ್ಟಡಿ’, ‘ಗವರ್ನಿಂಗ್ ಲಾ’, ‘ಆರ್ಬಿಟ್ರೇಶನ್’ ಎಂಬ ಮೂರು ಪದ ಹುಡುಕಿ ಆ ಪ್ಯಾರಾಗಳನ್ನಾದರೂ ಓದಿ. ಕ್ರಿಪ್ಟೊ ಯಾವ ಕಂಪನಿಯ ವಶದಲ್ಲಿರುತ್ತದೆ, ವ್ಯಾಜ್ಯ ಬಂದರೆ ಯಾವ ದೇಶದ ಕಾನೂನು, ಯಾವ ಊರಿನಲ್ಲಿ ಪಂಚಾಯಿತಿ ಎಂದು ಅಲ್ಲಿರುತ್ತದೆ. ರೂಪಾಯಿ ಇಲ್ಲಿನ ಕಂಪನಿಗೆ, ಕ್ರಿಪ್ಟೊ ಯಾವುದೋ ವಿದೇಶಿ ದ್ವೀಪದ ಕಂಪನಿಗೆ ಎಂದಿದ್ದರೆ ಎಫ್‌ಐಯು ನೋಂದಣಿ ಯಾವ ಕಂಪನಿಯದು ಎಂದು ಮತ್ತೊಮ್ಮೆ ನೋಡಿ. ದೀರ್ಘಕಾಲ ಇಟ್ಟುಕೊಳ್ಳುವ ಉದ್ದೇಶವಿದ್ದರೆ ಕ್ರಿಪ್ಟೊವನ್ನು ಸ್ವಂತ ವಾಲೆಟ್‌ಗೆ (ನಿಮ್ಮ ಹಿಡಿತದಲ್ಲೇ ಇರುವ ಡಿಜಿಟಲ್ ಚೀಲಕ್ಕೆ) ಸಾಗಿಸಲು ಎಕ್ಸ್‌ಚೇಂಜ್ ಬಿಡುತ್ತದೆಯೇ ಎಂಬುದನ್ನೂ ಖಾತೆ ತೆರೆಯುವ ಮೊದಲೇ ಕೇಳಿಕೊಳ್ಳಿ. ರೂಪಾಯಿಗೆ ಮಾರುವುದಷ್ಟೇ ಸಾಧ್ಯ ಎನ್ನುವವೂ ಇವೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ನೀವು ವಾಸವಿರುವ ದೇಶದ ನಿಯಮವೇ ಮೊದಲು. ದುಬೈನಲ್ಲಿ ವಾರಾ ಎಂಬ ಪ್ರಾಧಿಕಾರ ನಿಜವಾದ ಲೈಸೆನ್ಸ್ ಕೊಡುತ್ತದೆ, ಅದರ ಸಾರ್ವಜನಿಕ ಪಟ್ಟಿಯೂ ಇದೆ. ಹೆಸರಿದ್ದರೆ ಸಾಲದು, ಯಾವ ಚಟುವಟಿಕೆಗೆ ಒಪ್ಪಿಗೆ ಎಂಬುದನ್ನು ಓದಿ. ಸಲಹೆ ಕೊಡಲು ಮಾತ್ರ ಲೈಸೆನ್ಸ್ ಇರುವವರು ಎಕ್ಸ್‌ಚೇಂಜ್ ನಡೆಸುವಂತಿಲ್ಲ. ಕುವೈತ್‌ನಲ್ಲಿ 2023ರಿಂದ ಕ್ರಿಪ್ಟೊ ಪಾವತಿ, ಹೂಡಿಕೆ ಎರಡಕ್ಕೂ ನಿಷೇಧವಿದೆ. ದುಬೈ ಲೈಸೆನ್ಸ್ ತೋರಿಸಿ ಕುವೈತ್‌ನಲ್ಲಿರುವ ಊರಿನವರನ್ನು ಸೇರಿಸಿಕೊಳ್ಳುವವರು ಅವರನ್ನು ತೊಂದರೆಗೆ ನೂಕುತ್ತಿದ್ದಾರೆ. ಬ್ರಿಟನ್ನಿನಲ್ಲಿ ಹಣಕಾಸು ನಿಯಂತ್ರಕ ಎಫ್‌ಸಿಎಯ ರಿಜಿಸ್ಟರ್ ಜೊತೆಗೆ ಅದರ ಎಚ್ಚರಿಕೆ ಪಟ್ಟಿಯನ್ನೂ ನೋಡಿ. 2023ರ ಅಕ್ಟೋಬರ್ 8ರಿಂದ ಅಲ್ಲಿ ಹೊಸ ಗ್ರಾಹಕರಿಗೆ 24 ಗಂಟೆ ಯೋಚಿಸಲು ಸಮಯ ಕೊಡಬೇಕೆಂಬ ನಿಯಮವಿದೆ, ಕೊಡದವರು ನಿಯಮ ಮೀರುತ್ತಿದ್ದಾರೆ. ಸಿಂಗಪುರದಲ್ಲಿ ಕೇಂದ್ರ ಬ್ಯಾಂಕ್ ಎಂಎಎಸ್‌ನ ಹಣಕಾಸು ಸಂಸ್ಥೆಗಳ ಕೋಶ, ಯುರೋಪಿನಲ್ಲಿ ಕ್ರಿಪ್ಟೊ ಕುರಿತ ‘ಮೈಕಾ’ ಕಾಯ್ದೆಯಡಿ ಅಲ್ಲಿನ ಮಾರುಕಟ್ಟೆ ಪ್ರಾಧಿಕಾರ ಎಸ್ಮಾ ಪ್ರಕಟಿಸುವ ಪಟ್ಟಿ ನೋಡಿ.

ಹಣ ಈಗಾಗಲೇ ಹೋಗಿದ್ದರೆ

ಒಡನೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಕ್ರಿಪ್ಟೊ ಆಗುವ ಮೊದಲು ತಡೆಯಲು ಸಿಗುವುದು ಕೆಲವೇ ಗಂಟೆ. ಕರೆ ಮಾಡುವಾಗ 12 ಅಂಕಿಗಳ ಯುಪಿಐ ವಹಿವಾಟು ಸಂಖ್ಯೆ, ದಿನಾಂಕ, ಸಮಯ, ಮೊತ್ತ, ಹಣ ಹೋದ ಖಾತೆ ಅಥವಾ ಯುಪಿಐ ಐಡಿ ಕೈಯಲ್ಲಿರಲಿ. ನಂತರ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಆ ಸಂಖ್ಯೆಯೊಂದಿಗೆ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ, ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ. ಕ್ರಿಪ್ಟೊ ಕಳಿಸಿದ್ದರೆ ವಾಲೆಟ್ ವಿಳಾಸ ಮತ್ತು ವಹಿವಾಟಿನ ಹ್ಯಾಶ್ (ಆ ವಹಿವಾಟಿನ ಗುರುತಿನ ಸಾಲು) ಅನ್ನು ಚಿತ್ರವಾಗಿ ಮಾತ್ರವಲ್ಲ, ಅಕ್ಷರವಾಗಿಯೂ ನಕಲು ಮಾಡಿಡಿ. ಅಷ್ಟು ಉದ್ದದ ಸಾಲನ್ನು ಫೋಟೊ ನೋಡಿ ಬರೆಯುವಾಗ ಒಂದಕ್ಷರ ತಪ್ಪಿದರೂ ತನಿಖೆ ನಿಲ್ಲುತ್ತದೆ. ಆ್ಯಪ್ ಅಳಿಸಬೇಡಿ, ಗುಂಪಿನಿಂದ ಹೊರಬರುವ ಮೊದಲು ಚಾಟ್ ಉಳಿಸಿಕೊಳ್ಳಿ. ಎಫ್‌ಐಯು ಹಣ ವಾಪಸ್ ಕೊಡಿಸುವ ಕಚೇರಿಯಲ್ಲ, ಅಲ್ಲಿಗೆ ಬರೆದು ಕಾಯುತ್ತಾ ದಿನ ಕಳೆಯಬೇಡಿ.

ದೂರು ಕೊಟ್ಟ ಕೆಲವು ದಿನಕ್ಕೆ “ನಿಮ್ಮ ಕ್ರಿಪ್ಟೊ ಪತ್ತೆಹಚ್ಚಿ ಕೊಡುತ್ತೇವೆ, ಶುಲ್ಕ ಇಷ್ಟು” ಎಂಬ ಕರೆ ಬರಬಹುದು. ಮೊದಲು ಮೋಸ ಮಾಡಿದವರ ಬಳಿಯೇ ನಿಮ್ಮ ನಂಬರ್ ಇರುವುದು. ಅವರಿಗೆ ಒಂದು ರೂಪಾಯಿಯನ್ನೂ ಕಳಿಸದೆ, ಆ ನಂಬರನ್ನೂ ಅದೇ ದೂರಿಗೆ ಸೇರಿಸಿ.